ಬೆಂಕಿಯ ಸದ್ದು, ಕಬ್ಬಿಣದ ಸದ್ದು



ಈ ಭಾಷಣ ತೆರೆಯ ಮೇಲೆ ಬಂದಾಗ ನಿಮಗೆ ಮೊದಲು ಮೂರು ಸದ್ದುಗಳನ್ನು ಕೇಳಿಸಿದ್ದೆವು. ಒಂದು, ತಗಡಿನ ಡಬ್ಬದೊಳಗೆ ಗೋಲಿಗಳನ್ನು ಹಾಕಿ ಕುಲುಕಿದಂತಹ ಕಿಣಿಕಿಣಿ. ಎರಡು, ಹೊಲಿಗೆ ಯಂತ್ರದಿಂದ ಬರುವಂತಹ ಹಗುರವಾದ ಟಿಕ್ ಟಿಕ್. ಮೂರು, ಯಾರೋ ಒಳಗೆ ಕುಳಿತು ಸುತ್ತಿಗೆಯಿಂದ ಹೊಡೆಯುತ್ತಿರುವಂತಹ ಗಡುಸಾದ ಟಕ್ ಟಕ್. ಅಚ್ಚಿನ ಪುಟದಿಂದ ಸದ್ದು ಹೊರಡುವುದಿಲ್ಲ. ಇಲ್ಲಿ ಅವನ್ನು ನೀವು ಮನಸ್ಸಿನಲ್ಲಿಯೇ ಕೇಳಿಸಿಕೊಳ್ಳಬೇಕು.

ಮೂರೂ ಸದ್ದು ಹೊರಟಿದ್ದು ಕಾರಿನ ಎಂಜಿನ್ನಿನಿಂದಲೇ. ಮೂರನ್ನೂ ನಾವು "ಎಂಜಿನ್ ಬಡೀತಿದೆ" ಎಂಬ ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಆದರೆ ಮೊದಲನೆಯದನ್ನು ಕೇಳಿದಾಗ ಗೇರ್ ಬದಲಿಸಿ ನಿಧಾನವಾಗಿ ಮನೆ ಸೇರಬಹುದು. ಎರಡನೆಯದಕ್ಕೆ, ಎಂಜಿನ್ ಎಣ್ಣೆ ಸರಿಯಾಗಿದ್ದರೆ, ಮುಂದಿನ ವಾರ ಗ್ಯಾರೇಜಿಗೆ ಹೋದರೂ ನಡೆದೀತು. ಮೂರನೆಯದನ್ನು ಕೇಳಿದ ಕೂಡಲೇ ಗಾಡಿಯನ್ನು ರಸ್ತೆಯ ಪಕ್ಕಕ್ಕೆ ತಂದು ಎಂಜಿನ್ ಆರಿಸಬೇಕು. ಈ ವ್ಯತ್ಯಾಸವನ್ನು ನಾನು ಪಾಠದಿಂದ ಕಲಿಯಲಿಲ್ಲ, ನಷ್ಟದಿಂದ ಕಲಿತೆ.

2001ರ ಮಾತು. ನಾನಾಗ ಉಜಿರೆಯಲ್ಲಿ ಬಿ.ಎಸ್‌ಸಿ. ಎರಡನೆಯ ವರ್ಷದಲ್ಲಿದ್ದೆ. ಮೂಡಿಗೆರೆಯ ಕಡೆ ಪ್ರೌಢಶಾಲೆಯೊಂದರಲ್ಲಿ ಕನ್ನಡ ಮೇಷ್ಟ್ರಾಗಿದ್ದ ನಮ್ಮ ತಂದೆ ಒಂದು ಹಳೆಯ ಪೆಟ್ರೋಲ್ ಕಾರನ್ನು ಕೊಂಡಿದ್ದರು. ರಜೆಗೆ ನನ್ನನ್ನು ಕರೆದೊಯ್ಯಲು ಬಂದವರು ವಾಪಸು ಚಾರ್ಮಾಡಿ ಘಟ್ಟ ಹತ್ತುವಾಗ ಎಂಜಿನ್ನಿನಿಂದ ಕಿಣಿಕಿಣಿ ಎಂದು ಸದ್ದು ಶುರುವಾಯಿತು. ಏರು ಕಡಿದಾದಷ್ಟೂ ಸದ್ದು ಹೆಚ್ಚು. ಕೊಟ್ಟಿಗೆಹಾರ ತಲುಪಿ ರಸ್ತೆ ಸಮನಾದ ಕೂಡಲೇ ಸದ್ದು ಮಾಯ.

ಮಾರನೆಯ ದಿನ ಗ್ಯಾರೇಜೊಂದರ ಮುಂದೆ ಗಾಡಿ ನಿಲ್ಲಿಸಿದಾಗ ಎಂಜಿನ್ ಸುಮ್ಮನೆ ಗುನುಗುತ್ತಿತ್ತು. ಸದ್ದು ಕೇಳಿಸಲೇ ಇಲ್ಲ. ನಾವು ಹೇಳಿದ ವಿವರಣೆಯನ್ನಷ್ಟೇ ಕೇಳಿ ಅಲ್ಲಿಯವರು, "ಬೇರಿಂಗ್ ಹೋಗಿದೆ, ಎಂಜಿನ್ ಇಳಿಸಬೇಕು" ಎಂದರು. ಇಳಿಸಿದರು. ಬೇರಿಂಗ್, ಪಿಸ್ಟನ್ ರಿಂಗು ಎಲ್ಲ ಹೊಸದಾದವು. ತಂದೆಯ ಎರಡು ತಿಂಗಳ ಸಂಬಳ ಖರ್ಚಾಯಿತು. ರಜೆ ಮುಗಿದು ನನ್ನನ್ನು ಕಾಲೇಜಿಗೆ ಬಿಟ್ಟು ತಂದೆ ಮತ್ತೆ ಘಟ್ಟ ಹತ್ತಿದರು. ಅದೇ ಕಿಣಿಕಿಣಿ!

ಕೊಟ್ಟಿಗೆಹಾರದಲ್ಲಿ ವಯಸ್ಸಾದ ಮೆಕ್ಯಾನಿಕ್ ಒಬ್ಬರಿದ್ದರು. ಅವರು ಬಾನೆಟ್ ಎತ್ತಲೇ ಇಲ್ಲವಂತೆ. ತಂದೆಯ ಪಕ್ಕದ ಸೀಟಿನಲ್ಲಿ ಕುಳಿತು ಗಾಡಿಯನ್ನು ಏರಿನಲ್ಲಿ ನಡೆಸಲು ಹೇಳಿದರಂತೆ. ಮೂರನೆಯ ಗೇರಿನಲ್ಲಿ ಸದ್ದು ಬಂತು. "ಈಗ ಎರಡಕ್ಕೆ ಹಾಕಿ" ಎಂದರು. ಸದ್ದು ನಿಂತಿತು. "ಮೇಷ್ಟ್ರೇ, ಇದು ಕಬ್ಬಿಣದ ಸದ್ದಲ್ಲ, ಬೆಂಕಿಯ ಸದ್ದು" ಎಂದವರೇ ಕೆಳಗಿಳಿದು, ಡಿಸ್ಟ್ರಿಬ್ಯೂಟರನ್ನು ಸಡಿಲಿಸಿ ಉಗುರಿನಗಲದಷ್ಟು ತಿರುಗಿಸಿ ಬಿಗಿ ಮಾಡಿದರು. ಅಷ್ಟೇ ಚಿಕಿತ್ಸೆ.

ಬೆಂಕಿಯ ಸದ್ದು ಎಂದರೇನು? ಸ್ವಲ್ಪ ಒಳಗೆ ಹೋಗಿ ನೋಡೋಣ.

ಜರ್ಮನಿಯ ನಿಕೋಲಸ್ ಓಟೊ 1876ರಲ್ಲಿ ರೂಪಿಸಿದ ನಾಲ್ಕು ಹೊಡೆತಗಳ ಎಂಜಿನ್ನಿನ ಕ್ರಮವೇ ಇಂದಿನ ಪೆಟ್ರೋಲ್ ಕಾರುಗಳಲ್ಲೂ ಇದೆ. ಪಿಸ್ಟನ್ ಕೆಳಗಿಳಿದಾಗ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಸಿಲಿಂಡರಿನೊಳಕ್ಕೆ ಬರುತ್ತದೆ. ಪಿಸ್ಟನ್ ಮೇಲೇರುವಾಗ ಅದನ್ನು ಸುಮಾರು ಹತ್ತನೆಯ ಒಂದು ಪಾಲು ಜಾಗಕ್ಕೆ ಅದುಮುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತಳ ಬಿಸಿಯಾಗುವುದನ್ನು ನೀವು ಕಂಡಿದ್ದೀರಿ. ಹಾಗೆಯೇ ಇಲ್ಲಿಯೂ ಅದುಮಿದ ಮಿಶ್ರಣದ ಉಷ್ಣತೆ ಸುಮಾರು 400 ಡಿಗ್ರಿ ಸೆಲ್ಸಿಯಸ್‌ವರೆಗೂ ಏರಬಲ್ಲದು. ಆ ಹೊತ್ತಿಗೆ ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸುತ್ತದೆ.

ಎಂಜಿನ್ನಿನೊಳಗೆ ಪೆಟ್ರೋಲ್ ಒಮ್ಮೆಲೇ ಸಿಡಿಯುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಒಣಹುಲ್ಲಿನ ಬಯಲಿಗೆ ಒಂದು ಮೂಲೆಯಲ್ಲಿ ಬೆಂಕಿ ಬಿದ್ದು ಹರಡುವಂತೆ, ಕಿಡಿಯಿಂದ ಹುಟ್ಟಿದ ಜ್ವಾಲೆ ಸೆಕೆಂಡಿಗೆ ಕೆಲವು ಹತ್ತು ಮೀಟರ್ ವೇಗದಲ್ಲಿ ಮುಂದೆ ಸಾಗುತ್ತದೆ. ಮಿಶ್ರಣವೆಲ್ಲ ಉರಿಯಲು ಸುಮಾರು 2ರಿಂದ 3 ಮಿಲಿಸೆಕೆಂಡು ಬೇಕು. ನಿಮಿಷಕ್ಕೆ 3000 ಸುತ್ತು ತಿರುಗುವ ಎಂಜಿನ್ನಿಗೆ ಒಂದು ಸುತ್ತಿಗೆ ತಗಲುವ ಕಾಲ 20 ಮಿಲಿಸೆಕೆಂಡು ಮಾತ್ರ. ಆದ್ದರಿಂದ ಪಿಸ್ಟನ್ ತುದಿ ಮುಟ್ಟುವ ಮೊದಲೇ ಕಿಡಿ ಕೊಡಬೇಕಾಗುತ್ತದೆ. ಪಿಸ್ಟನ್ ತುದಿ ದಾಟಿ ಕೆಳಮುಖವಾದ ಮೇಲೆ ಒತ್ತಡ ಗರಿಷ್ಠವಾದರೆ ಅದು ಪಿಸ್ಟನ್ನನ್ನು ಹದವಾಗಿ ತಳ್ಳುತ್ತದೆ.

ಈಗ ಜ್ವಾಲೆ ಇನ್ನೂ ತಲುಪದಿರುವ ಮೂಲೆಯನ್ನು ಗಮನಿಸಿ. ಅಲ್ಲಿ ಉಳಿದಿರುವ ಮಿಶ್ರಣ ಒಂದು ಕಡೆ ಪಿಸ್ಟನ್ನಿನಿಂದ, ಇನ್ನೊಂದು ಕಡೆ ಹಿಗ್ಗುತ್ತಿರುವ ಜ್ವಾಲೆಯಿಂದ ಅದುಮಿಸಿಕೊಂಡು ಮತ್ತಷ್ಟು ಕಾಯುತ್ತದೆ. ಮಿತಿ ಮೀರಿದರೆ ಜ್ವಾಲೆ ಬರುವವರೆಗೆ ಕಾಯದೆ ತಾನೇ ತಾನಾಗಿ ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ಆಗ ಹುಟ್ಟುವ ಒತ್ತಡದ ಅಲೆ ಸಿಲಿಂಡರಿನ ಗೋಡೆಯಿಂದ ಗೋಡೆಗೆ ಬಡಿಯುತ್ತದೆ. ಸುಮಾರು 8 ಸೆಂಟಿಮೀಟರ್ ವ್ಯಾಸದ ಸಿಲಿಂಡರಿನಲ್ಲಿ ಈ ಬಡಿತದ ಆವೃತ್ತಿ ಸೆಕೆಂಡಿಗೆ 6ರಿಂದ 7 ಸಾವಿರ. ಕಿವಿಗೆ ಅದು ಗೋಲಿಗಳ ಕಿಣಿಕಿಣಿಯಾಗಿ ಕೇಳುತ್ತದೆ. ಗ್ಯಾರೇಜಿನ ಭಾಷೆಯಲ್ಲಿ ಇದು ಪಿಂಕಿಂಗ್ ಅಥವಾ ನಾಕಿಂಗ್.

ಘಟ್ಟದಲ್ಲಿ ಮಾತ್ರ ಏಕೆ ಬಂತು? ಮೇಲಿನ ಗೇರಿನಲ್ಲಿ ಏರು ಹತ್ತುವಾಗ ಎಂಜಿನ್ ನಿಧಾನವಾಗಿ ತಿರುಗುತ್ತದೆ. ಆಕ್ಸಿಲರೇಟರ್ ಮಾತ್ರ ಪೂರ್ತಿ ಒತ್ತಿರುತ್ತೇವೆ. ಸಿಲಿಂಡರಿಗೆ ಮಿಶ್ರಣ ಹೆಚ್ಚು, ಒತ್ತಡ ಹೆಚ್ಚು, ಮೂಲೆಯ ಮಿಶ್ರಣ ಕಾಯಲು ಸಮಯವೂ ಹೆಚ್ಚು. ಎರಡನೆಯ ಗೇರಿಗೆ ಬಂದರೆ ಎಂಜಿನ್ ಬೇಗ ತಿರುಗುತ್ತದೆ, ಹೊರೆ ಇಳಿಯುತ್ತದೆ, ಮೂಲೆಯ ಮಿಶ್ರಣ ತಾನಾಗಿ ಹೊತ್ತಿಕೊಳ್ಳುವ ಮೊದಲೇ ಜ್ವಾಲೆ ಅಲ್ಲಿಗೆ ತಲುಪುತ್ತದೆ. ಆ ಹಿರಿಯರು ಗೇರ್ ಬದಲಿಸಿ ನೋಡಿದ್ದು ಇದನ್ನೇ. ನಮ್ಮ ಗಾಡಿಯಲ್ಲಿ ಕಿಡಿ ಬೇಕಾದುದಕ್ಕಿಂತ ಮೊದಲೇ ಹಾರುತ್ತಿತ್ತು. ಎಂಜಿನ್ ಇಳಿಸಿ ಏರಿಸಿದವರು ಅದನ್ನು ನೋಡಿರಲಿಲ್ಲ.

ಮೊದಲೇ ಹಾರುವ ಕಿಡಿಯೊಂದೇ ಕಾರಣವಲ್ಲ. ದಹನಕೋಣೆಯಲ್ಲಿ ಮಸಿ ಕಟ್ಟಿದ್ದರೆ ಜಾಗ ಕಿರಿದಾಗಿ ಒತ್ತಡ ಹೆಚ್ಚುತ್ತದೆ. ರೇಡಿಯೇಟರಿನಲ್ಲಿ ಕೂಲೆಂಟ್ ಕಡಿಮೆಯಾದರೆ ಅಥವಾ ಥರ್ಮೋಸ್ಟ್ಯಾಟ್ ಸಿಕ್ಕಿಕೊಂಡರೆ ಎಂಜಿನ್ ಕಾಯುತ್ತದೆ. ಎಲ್ಲಿಯೋ ಗಾಳಿ ಸೋರಿ ಒಳಬಂದು ಪೆಟ್ರೋಲಿನ ಅಂಶ ತೆಳುವಾದರೂ ಬಡಿತ ಬರಬಹುದು. ಎಂಜಿನ್ನಿಗೆ ಹೊಂದದ ಸ್ಪಾರ್ಕ್ ಪ್ಲಗ್ ಹಾಕಿದ್ದರೆ ಅದರ ತುದಿ ಕೆಂಡವಾಗಿ ಕಿಡಿಗಿಂತ ಮೊದಲೇ ಬೆಂಕಿ ಹಚ್ಚಬಹುದು. ಕಾರಣ ಯಾವುದೋ ಅದಕ್ಕೇ ಮದ್ದು. ಬೆಂಕಿಯ ಸದ್ದು ಆಗೊಮ್ಮೆ ಈಗೊಮ್ಮೆ ಬಂದರೆ ಅಪಾಯವಿಲ್ಲ. ಹಾಗೆಯೇ ಬಿಟ್ಟರೆ ಪಿಸ್ಟನ್ನಿನ ತಲೆ ಕರಗಬಹುದು, ರಿಂಗುಗಳ ನಡುವಿನ ಏಣು ಒಡೆಯಬಹುದು.

ಇಂಧನದ ಪಾತ್ರವೂ ದೊಡ್ಡದು. ಇದನ್ನು ಕಂಡುಕೊಂಡ ಕತೆ ವಿಜ್ಞಾನದ ವಿದ್ಯಾರ್ಥಿಗಳು ತಿಳಿದಿರಬೇಕಾದದ್ದು. 1916ರ ಸುಮಾರಿಗೆ ಅಮೆರಿಕದಲ್ಲಿ ಚಾರ್ಲ್ಸ್ ಕೆಟರಿಂಗ್ ಅವರ ಪ್ರಯೋಗಾಲಯದಲ್ಲಿ ಥಾಮಸ್ ಮಿಡ್ಜ್‌ಲಿ ಎಂಬ ತರುಣ ಎಂಜಿನಿಯರ್ ಈ ಬಡಿತದ ಬೆನ್ನು ಹತ್ತಿದ್ದರು. ಇಂಧನಕ್ಕೆ ಕೆಂಪು ಬಣ್ಣ ಬಂದರೆ ಅದು ಶಾಖವನ್ನು ಬೇಗ ಹೀರಿ ಬೇಗ ಆವಿಯಾಗಬಹುದು, ಬಡಿತ ನಿಲ್ಲಬಹುದು ಎಂಬುದು ಅವರ ಊಹೆ. ಕೆಂಪು ಬಣ್ಣ ಕೈಗೆ ಸಿಗದೆ ಅಯೊಡಿನ್ ಬೆರೆಸಿದರು. ಬಡಿತ ನಿಂತೇಬಿಟ್ಟಿತು! ಇನ್ನೊಬ್ಬರಾಗಿದ್ದರೆ ಊಹೆ ನಿಜವಾಯಿತೆಂದು ಬರೆದಿಡುತ್ತಿದ್ದರು. ಮಿಡ್ಜ್‌ಲಿ ಬೇರೆ ಕೆಂಪು ಬಣ್ಣಗಳನ್ನೂ ಹಾಕಿ ನೋಡಿದರು. ಒಂದರಿಂದಲೂ ಫಲವಿಲ್ಲ. ಬಣ್ಣವಿಲ್ಲದ ಅಯೊಡಿನ್ ಸಂಯುಕ್ತವನ್ನು ಹಾಕಿದಾಗ ಬಡಿತ ನಿಂತಿತು. ಕೆಲಸ ಮಾಡಿದ್ದು ಬಣ್ಣವಲ್ಲ, ರಸಾಯನ! ಊಹೆ ತಪ್ಪಾಗಿತ್ತು, ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿದ ಕ್ರಮ ಸರಿಯಾಗಿತ್ತು.

ಅದೇ ಹಾದಿಯಲ್ಲಿ 1921ರ ಡಿಸೆಂಬರಿನಲ್ಲಿ ಅವರಿಗೆ ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತ ಸಿಕ್ಕಿತು. ಚಿಟಿಕೆಯಷ್ಟು ಬೆರೆಸಿದರೂ ಬಡಿತ ಅಡಗುತ್ತಿತ್ತು. ಆದರೆ ಸೀಸ ವಿಷ. 1924ರಲ್ಲಿ ಅದನ್ನು ತಯಾರಿಸುತ್ತಿದ್ದ ಕಾರ್ಮಿಕರೇ ಸತ್ತರು. ಆದರೂ ಹಲವು ದಶಕಗಳ ಕಾಲ ಜಗತ್ತಿನ ಕಾರುಗಳು ಸೀಸವನ್ನು ಗಾಳಿಗೆ ಉಗುಳಿದವು. ಮಕ್ಕಳ ಮಿದುಳಿನ ಬೆಳವಣಿಗೆಗೆ ಅದರಿಂದ ಹಾನಿಯಾಯಿತು. ಭಾರತದಲ್ಲಿ ಸೀಸದ ಪೆಟ್ರೋಲ್ 2000ದಲ್ಲಿ ನಿಂತಿತು. ಜಗತ್ತಿನಲ್ಲಿ ಕೊನೆಯದಾಗಿ ಅಲ್ಜೀರಿಯಾದಲ್ಲಿ ನಿಂತಿದ್ದು 2021ರಲ್ಲಿ. ಸದ್ದು ನಿಂತಿತೆಂದ ಮಾತ್ರಕ್ಕೆ ಮದ್ದು ಒಳ್ಳೆಯದೆಂದು ತಿಳಿಯಬಾರದು.

ಬಡಿತವನ್ನು ತಡೆಯುವ ಇಂಧನದ ಗುಣವನ್ನು ಅಳೆಯುವುದು ಆಕ್ಟೇನ್ ಸಂಖ್ಯೆ. ಐಸೋ ಆಕ್ಟೇನ್ ಎಂಬ ಹೈಡ್ರೋಕಾರ್ಬನ್ನಿಗೆ 100, ಸುಲಭವಾಗಿ ಬಡಿಯುವ ಹೆಪ್ಟೇನಿಗೆ 0 ಎಂದಿಟ್ಟು ಈ ಅಳತೆಗೋಲನ್ನು ಕಟ್ಟಿದ್ದಾರೆ. ನಮ್ಮಲ್ಲಿ 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿಎಸ್-6 ಮಾನದಂಡದಂತೆ ಸಾಮಾನ್ಯ ಪೆಟ್ರೋಲಿನ ಆಕ್ಟೇನ್ ಸಂಖ್ಯೆ ಕನಿಷ್ಠ 91 ಇರಬೇಕೆಂದು ನಿಗದಿಯಾಗಿತ್ತು. ಎಥನಾಲಿಗೆ ಬಡಿತ ತಡೆಯುವ ಗುಣ ಸಹಜವಾಗಿಯೇ ಹೆಚ್ಚು. ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರವರಿ 6ರಂದು ಚಾಲನೆ ದೊರೆತದ್ದು ನಮ್ಮ ಬೆಂಗಳೂರಿನಲ್ಲಿಯೇ. ಎಂಜಿನ್ನಿಗೆ ಎಷ್ಟು ಆಕ್ಟೇನ್ ಬೇಕೆಂಬುದನ್ನು ಗಾಡಿಯ ಜೊತೆ ಬರುವ ಕೈಪಿಡಿ ತಿಳಿಸುತ್ತದೆ. ಅದಕ್ಕಿಂತ ದುಬಾರಿ ಪೆಟ್ರೋಲ್ ಹಾಕಿದರೆ, ಬಡಿತವೇ ಇಲ್ಲದ ಎಂಜಿನ್ನಿಗೆ ಹೆಚ್ಚಿನ ಲಾಭವೇನೂ ಇಲ್ಲ.

ಇಂದಿನ ಕಾರುಗಳಲ್ಲಿ ಆ ಹಿರಿಯ ಮೆಕ್ಯಾನಿಕ್ಕರ ಕಿವಿಯ ಕೆಲಸವನ್ನು ನಾಕ್ ಸೆನ್ಸರ್ ಎಂಬ ಪುಟ್ಟ ಸಾಧನ ಮಾಡುತ್ತದೆ. ಒತ್ತಿದರೆ ವಿದ್ಯುತ್ ಹುಟ್ಟಿಸುವ ಕೆಲವು ಸ್ಫಟಿಕಗಳ ಗುಣವನ್ನು ಕ್ಯೂರಿ ಸೋದರರು 1880ರಲ್ಲಿ ತೋರಿಸಿಕೊಟ್ಟರೆಂದು ನೀವು ಭೌತಶಾಸ್ತ್ರದಲ್ಲಿ ಓದಿರಬಹುದು. ಅದೇ ಗುಣದ ತುಣುಕೊಂದು ಎಂಜಿನ್ನಿನ ಮೈಗೆ ಅಂಟಿ ಕುಳಿತು ಬಡಿತವನ್ನು ಕೇಳಿಸಿಕೊಳ್ಳುತ್ತದೆ. ಬಡಿತ ಕೇಳಿದರೆ ಕಂಪ್ಯೂಟರ್ ಕಿಡಿಯನ್ನು ತಡವಾಗಿಸುತ್ತದೆ. ಆದ್ದರಿಂದ ಹೊಸ ಕಾರುಗಳಲ್ಲಿ ಕಿಣಿಕಿಣಿ ಅಪರೂಪ. ಆದರೆ ಸೆನ್ಸರಿನ ವೈರು ಕಡಿದುಹೋದರೆ ಕಂಪ್ಯೂಟರ್ ಅಪಾಯ ಬೇಡವೆಂದು ಕಿಡಿಯನ್ನು ತಡಮಾಡಿಯೇ ಇಡುತ್ತದೆ. ಪಿಕಪ್ ಇಳಿಯುತ್ತದೆ, ಮೈಲೇಜ್ ಇಳಿಯುತ್ತದೆ, ಎದುರಿನ ಫಲಕದಲ್ಲಿ ಎಂಜಿನ್ ಚಿತ್ರದ ದೀಪ ಹೊತ್ತಿಕೊಳ್ಳುತ್ತದೆ.

ಇನ್ನು ಕಬ್ಬಿಣದ ಸದ್ದಿನ ಕತೆ.

2004ರಲ್ಲಿ ಅಮ್ಮನ ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ಅದೇ ಕಾರಿನಲ್ಲಿ ಬೆಂಗಳೂರಿಗೆ ಹೊರಟೆವು. ನನ್ನ ಪದವಿ ಮುಗಿದಿತ್ತು. ಹಾಸನದಲ್ಲಿ ಎಣ್ಣೆಯ ಕೆಂಪು ದೀಪ ಒಮ್ಮೆ ಮಿಣುಕಿತು. ಬಲ್ಬು ಸಡಿಲವಾಗಿರಬೇಕೆಂದುಕೊಂಡೆ. ಚನ್ನರಾಯಪಟ್ಟಣ ದಾಟಿದ ಮೇಲೆ ಟಕ್ ಟಕ್ ಎಂಬ ಸದ್ದು ಶುರುವಾಯಿತು. ತಂದೆ ವೇಗ ತಗ್ಗಿಸಿ, "ಏನೋ ಸದ್ದು ಬರ್ತಿದೆಯಲ್ಲೋ?" ಎಂದರು. ಹಿರೀಸಾವೆಯಲ್ಲಿ ಚಹಾಕ್ಕೆ ನಿಲ್ಲಿಸಿದಾಗಲೂ, ಎಂಜಿನ್ ಆರಿಸುವ ಮುನ್ನ, ಸದ್ದು ಬರುತ್ತಲೇ ಇತ್ತು. ನಾನು ವಿಜ್ಞಾನದ ಪದವೀಧರ. ಪಿಂಕಿಂಗಿನ ಸಿದ್ಧಾಂತ ನನಗೆ ಬಾಯಿಪಾಠ. "ಅದೇ ಹಳೇ ಸದ್ದು ಅಪ್ಪಾ, ಏನಾಗಲ್ಲ, ನಡೀರಿ" ಎಂದೆ.

ಬೆಳ್ಳೂರು ಕ್ರಾಸ್ ದಾಟಿ ಕೆಲವು ಕಿಲೋಮೀಟರ್ ಹೋಗುವಷ್ಟರಲ್ಲಿ ದೊಡ್ಡ ಸದ್ದಾಯಿತು. ಕನೆಕ್ಟಿಂಗ್ ರಾಡ್ ಮುರಿದು ಎಂಜಿನ್ನಿನ ಗೋಡೆಯನ್ನೇ ಒಡೆದು ಹೊರಬಂದಿತ್ತು. ಅದೃಷ್ಟಕ್ಕೆ ಯಾರಿಗೂ ಗಾಯವಾಗಲಿಲ್ಲ. ಅಮ್ಮನನ್ನು ಸರ್ಕಾರಿ ಬಸ್ಸಿನಲ್ಲಿ ನಾನು ಕರೆದುಕೊಂಡು ಹೋದೆ. ತಂದೆ ರಸ್ತೆಬದಿಯಲ್ಲಿ ಗಾಡಿಯ ಜೊತೆ ಉಳಿದರು. ಕೊನೆಗೆ ಅದು ಗುಜರಿಗೆ ಹೋಯಿತು. ಅವರು ಮತ್ತೆ ಕಾರು ಕೊಳ್ಳಲಿಲ್ಲ.

ಎಂಜಿನ್ನಿನೊಳಗೆ ಆಗಿದ್ದೇನು? ಪಿಸ್ಟನ್ನಿಗೂ ಕ್ರ್ಯಾಂಕ್‌ಶಾಫ್ಟಿಗೂ ಕೊಂಡಿಯಾಗಿರುವುದೇ ಕನೆಕ್ಟಿಂಗ್ ರಾಡ್. ಅದರ ಕೆಳತುದಿಯ ಬೇರಿಂಗಿಗೂ ಕ್ರ್ಯಾಂಕಿಗೂ ನಡುವಿನ ಅಂತರ ಮಿಲಿಮೀಟರಿನ ನೂರನೆಯ ಕೆಲವು ಪಾಲು ಮಾತ್ರ, ಸುಮಾರಾಗಿ ಒಂದು ಕೂದಲಿನ ದಪ್ಪ. ಆ ಸಂದಿಯನ್ನು ಒತ್ತಡದಿಂದ ಹರಿದುಬರುವ ಎಣ್ಣೆ ತುಂಬಿರುತ್ತದೆ. ಲೋಹ ಲೋಹವನ್ನು ಮುಟ್ಟದಂತೆ ಕಾಯುವುದು ಆ ಎಣ್ಣೆಯ ಪದರ. ನಿಮಿಷಕ್ಕೆ 3000 ಸುತ್ತಿನಲ್ಲಿ ಪಿಸ್ಟನ್ ಸೆಕೆಂಡಿಗೆ 100 ಸಲ ನಿಂತು ದಿಕ್ಕು ಬದಲಿಸುತ್ತದೆ. ಎಣ್ಣೆ ಬತ್ತಿದರೆ ಬೇರಿಂಗ್ ಸವೆದು ಸಂದಿ ಹಿಗ್ಗುತ್ತದೆ. ಪ್ರತಿ ಸುತ್ತಿನಲ್ಲೂ ರಾಡ್ ಕ್ರ್ಯಾಂಕನ್ನು ಗುದ್ದುತ್ತದೆ. ಅದೇ ಟಕ್ ಟಕ್. ನಮ್ಮ ಗಾಡಿಯ ಎಣ್ಣೆ ತಳದಿಂದ ಸೋರಿ ಹೋಗಿತ್ತು. ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು ನೋಡಲು ಅರ್ಧ ನಿಮಿಷ ಸಾಕಾಗಿತ್ತು.

ಕಬ್ಬಿಣದ ಸದ್ದುಗಳೆಲ್ಲ ಇಷ್ಟು ಅಪಾಯಕಾರಿಯಲ್ಲ. ಹೊಲಿಗೆ ಯಂತ್ರದಂತಹ ಟಿಕ್ ಟಿಕ್ ಸಾಮಾನ್ಯವಾಗಿ ವಾಲ್ವುಗಳ ಟ್ಯಾಪೆಟ್ಟಿನದು. ಎಂಜಿನ್ ಎರಡು ಸುತ್ತು ತಿರುಗಿದಾಗ ಒಂದು ವಾಲ್ವು ಒಮ್ಮೆ ತೆರೆಯುವುದರಿಂದ ಅದರ ಲಯ ನಿಧಾನ. ಟ್ಯಾಪೆಟ್ ಸೆಟ್ಟಿಂಗ್ ಮಾಡಿಸಿದರೆ ಹೋಗುತ್ತದೆ. ಬೆಳಗ್ಗೆ ತಣ್ಣಗಿರುವಾಗ ಮಾತ್ರ ಡೊಳ್ಳು ಸದ್ದು ಬಂದು ಎಂಜಿನ್ ಬಿಸಿಯಾದಂತೆ ಅಡಗಿದರೆ ಅದು ಸಡಿಲವಾದ ಪಿಸ್ಟನ್ನಿನದಿರಬಹುದು. ಹೊಗೆ ಕೊಳವೆಯ ಜೋಡಣೆಯಲ್ಲಿ ಸೋರಿದರೂ ಟಿಕ್ ಟಿಕ್ ಕೇಳಿಸುತ್ತದೆ.

ಹಾಗಾದರೆ ಗುರುತಿಸುವುದು ಹೇಗೆ? ನಮ್ಮ ಸ್ಟುಡಿಯೋದಲ್ಲಿ ಧ್ವನಿಯ ಹಿಂದೆ ಗುಂಯ್ ಎಂಬ ಸದ್ದು ಸೇರಿಕೊಂಡರೆ ಎಲ್ಲ ಉಪಕರಣಗಳನ್ನೂ ಬಿಚ್ಚುವುದಿಲ್ಲ. ಒಂದೊಂದೇ ಕೇಬಲ್ ತೆಗೆದು ಕೇಳುತ್ತೇವೆ. ಎಂಜಿನ್ನಿಗೂ ಅದೇ ಕ್ರಮ.

ಮೊದಲು ಎಂಜಿನ್ ಆರಿಸಿ, ಸಮತಟ್ಟಾದ ಜಾಗದಲ್ಲಿ ಎಣ್ಣೆಯ ಮಟ್ಟ ನೋಡಿ. ಎಣ್ಣೆ ಕಡಿಮೆಯಿದ್ದರೆ ತುಂಬುವವರೆಗೆ ಚಾಲೂ ಮಾಡಬೇಡಿ. ತುಂಬಿದ ಮೇಲೂ ಗಡುಸಾದ ಟಕ್ ಟಕ್ ಇದ್ದರೆ, ಅಥವಾ ಎಣ್ಣೆಯ ದೀಪ ಆರದಿದ್ದರೆ, ಗಾಡಿಯನ್ನು ಎಳೆಸಿಕೊಂಡೇ ಹೋಗಿ. ಈ ಹಂತದಲ್ಲಿ ಬೇರಿಂಗ್ ಬದಲಿಸಿದರೆ ಎಂಜಿನ್ ಉಳಿಯುವ ಸಾಧ್ಯತೆಯುಂಟು, ಓಡಿಸಿದರೆ ಉಳಿಯದು.

ಎರಡನೆಯದಾಗಿ, ಸದ್ದು ಯಾವಾಗ ಬರುತ್ತದೆ ಎಂಬುದನ್ನು ಬರೆದಿಡಿ. ತಣ್ಣಗಿರುವಾಗಲೋ ಬಿಸಿಯಾದಾಗಲೋ? ನಿಂತಾಗಲೋ ಏರಿನಲ್ಲೋ? ಏರಿನಲ್ಲಿ ಮಾತ್ರ ಬಂದು, ಗೇರ್ ಇಳಿಸಿದಾಗ ನಿಂತು, ಗ್ಯಾರೇಜಿನ ಮುಂದೆ ಕೇಳಿಸದಿದ್ದರೆ ಅದು ಹೆಚ್ಚಾಗಿ ಬೆಂಕಿಯ ಸದ್ದು. ನಿಂತಾಗಲೂ ಎಂಜಿನ್ನಿನ ಸುತ್ತಿನ ಲಯಕ್ಕೆ ತಾಳ ಹಾಕುತ್ತಿದ್ದರೆ ಕಬ್ಬಿಣದ ಸದ್ದು.

ಮೂರನೆಯದು, ಮೆಕ್ಯಾನಿಕ್ಕರು ಮಾಡುವ ಪರೀಕ್ಷೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ಮೈಗೂ ಹಿಡಿಯನ್ನು ಕಿವಿಗೂ ಇಟ್ಟು ಸದ್ದಿನ ಜಾಗ ಹುಡುಕುತ್ತಾರೆ. ಒಂದೊಂದೇ ಸಿಲಿಂಡರಿನ ಕಿಡಿಯನ್ನು ಕ್ಷಣಕಾಲ ತಪ್ಪಿಸುತ್ತಾರೆ. ಯಾವ ಸಿಲಿಂಡರ್ ತಪ್ಪಿದಾಗ ಟಕ್ ಟಕ್ ಮೆತ್ತಗಾಗುತ್ತದೋ ದೋಷ ಅಲ್ಲಿರುವ ಸಾಧ್ಯತೆ ಹೆಚ್ಚು. ಟ್ಯಾಪೆಟ್ ಸದ್ದಾದರೆ ಹೆಚ್ಚೇನೂ ಬದಲಾಗುವುದಿಲ್ಲ. ಇದನ್ನು ನೀವು ನಿಂತು ನೋಡಿ, ಆದರೆ ನೀವಾಗಿ ಮಾಡಬೇಡಿ. ಅಲ್ಲಿ ಸಾವಿರಾರು ವೋಲ್ಟ್ ಹರಿಯುತ್ತದೆ, ಬೆಲ್ಟು ಸುತ್ತುತ್ತಿರುತ್ತದೆ. ದುಪಟ್ಟಾ, ಜಡೆ, ಸಡಿಲ ತೋಳು ಯಾವುದೂ ಹತ್ತಿರ ಸುಳಿಯಬಾರದು. ಮುಚ್ಚಿದ ಶೆಡ್ಡಿನಲ್ಲಂತೂ ಎಂಜಿನ್ ಚಾಲೂ ಇಡಲೇಬಾರದು. ಹೊಗೆಯ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಈಗ 2004ರ ಆ ಪ್ರಯಾಣವನ್ನು ಮತ್ತೊಮ್ಮೆ ಓದಿ ನೋಡಿ. ಎಣ್ಣೆಯ ದೀಪ ಮಿಣುಕಿತ್ತು. ರಸ್ತೆಯಲ್ಲಿ ಘಟ್ಟವಿರಲಿಲ್ಲ. ನಿಂತಾಗಲೂ ಸದ್ದಿತ್ತು. ಸದ್ದು ಕಿಣಿಕಿಣಿಯಾಗಿರಲಿಲ್ಲ, ಟಕ್ ಟಕ್ ಆಗಿತ್ತು. ನಾಲ್ಕು ಸಾಕ್ಷಿಗಳೂ ಎದುರಿಗಿದ್ದವು. ಉತ್ತರ ಮೊದಲೇ ಗೊತ್ತಿದೆ ಎಂದುಕೊಂಡಿದ್ದರಿಂದ ನಾನು ಒಂದನ್ನೂ ಕೇಳಲಿಲ್ಲ. ಮೊದಲ ಸಲ ಗ್ಯಾರೇಜಿನವರು ಮಾಡಿದ ತಪ್ಪೂ ಅದೇ. ಅವರಿಂದ ತಂದೆಯ ಸಂಬಳ ಹೋಯಿತು, ನನ್ನಿಂದ ಕಾರೇ ಹೋಯಿತು.

ತಂದೆ ನನ್ನನ್ನು ಬೈಯಲಿಲ್ಲ. ಅಮ್ಮನ ಶಸ್ತ್ರಚಿಕಿತ್ಸೆಯಾದ ಮೇಲೆ ಆಸ್ಪತ್ರೆಯ ಜಗಲಿಯಲ್ಲಿ ಕುಳಿತಿದ್ದಾಗ ಒಂದೇ ಮಾತು ಹೇಳಿದರು. "ಎರಡು ಸದ್ದಿಗೆ ಒಂದೇ ಹೆಸರು ಇಟ್ಟುಬಿಟ್ಟಿದ್ವಿ ನೋಡು, ಅದೇ ತಪ್ಪಾಯ್ತು." ಅವರು ಕನ್ನಡ ಮೇಷ್ಟ್ರು. ವಿಜ್ಞಾನದ ಪಾಠ ಹೇಳುತ್ತಿದ್ದೇನೆಂದು ಅವರಿಗೆ ಅನ್ನಿಸಿರಲಾರದು. ನನಗೆ ಮಾತ್ರ ಮೂರು ವರ್ಷದ ಪದವಿಯಲ್ಲಿ ಸಿಗದಿದ್ದ ಪಾಠ ಅದಾಗಿತ್ತು.

ನಿಮ್ಮ ಮನೆಯ ಸ್ಕೂಟರೋ ಕಾರೋ ನಾಳೆ ಹೊಸ ಸದ್ದು ಮಾಡಿದರೆ, ಹೆಸರಿಡುವ ಮೊದಲು ಪೂರ್ತಿ ಕೇಳಿಸಿಕೊಳ್ಳಿ.